ಬೆಂಗಳೂರಿನ ಕೆರೆಯಲ್ಲೂ ಹಿತ್ತಲಲ್ಲೂ ಬಾತುಕೋಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳನ್ನು ಕೇಳುವವರು ಎರಡು ಬಗೆಯವರು. ಬೆಳಗಿನ ನಡಿಗೆಗೆಂದು ಕೆರೆಯ ಏರಿಯ ಮೇಲೆ ಹೋಗಿ, ನೀರಿನಲ್ಲಿ ತೇಲುವ ಹಕ್ಕಿಗಳ ಹೆಸರು ತಿಳಿಯಬಯಸುವವರು ಮೊದಲನೆಯವರು. ಹೊಸಕೋಟೆ, ದೊಡ್ಡಬಳ್ಳಾಪುರ, ಕನಕಪುರದ ಕಡೆ ತುಂಡು ಜಮೀನು ಇಟ್ಟುಕೊಂಡು ಅದರಲ್ಲಿ ಹತ್ತಾರು ಬಾತುಗಳನ್ನು ಸಾಕಲು ಯೋಚಿಸುತ್ತಿರುವವರು ಎರಡನೆಯವರು. ಇಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯದಿರುವುದಕ್ಕೆ ಕಾರಣವಿದೆ. ಕಾಡು ಬಾತಿನ ಕಷ್ಟಗಳೂ ಸಾಕು ಬಾತಿನ ಕಷ್ಟಗಳೂ ಬಹುಮಟ್ಟಿಗೆ ನೀರಿನಿಂದಲೇ ಹುಟ್ಟುತ್ತವೆ: ನೀರು ಎಷ್ಟು ಆಳ, ಎಷ್ಟು ಶುದ್ಧ, ಅದನ್ನು ಯಾರು ಯಾರು ಹಂಚಿಕೊಳ್ಳುತ್ತಾರೆ ಎಂಬುದರಿಂದ.

ಕೆರೆಯಲ್ಲಿ ಗುಂಪುಗುಂಪಾಗಿ ತೇಲುವ ಕಪ್ಪು ಹಕ್ಕಿಗಳು ಬಾತುಗಳೇ?

ಅಲ್ಲ. ಕಪ್ಪು ಮೈ, ಹಣೆಯಲ್ಲಿ ಬಿಳಿ ಗುರುತು ಇದ್ದರೆ ಅದು ನಾಮದ ಕೋಳಿ. ಬಾತಿಗಿಂತ ಬಹಳ ಸಣ್ಣದಾಗಿದ್ದು, ನೋಡುತ್ತಿರುವಾಗಲೇ ಮುಳುಗಿ ಇನ್ನೆಲ್ಲೋ ಏಳುವುದು ಗುಳುಮುಳುಕ. ಕಲ್ಲಿನ ಮೇಲೋ ಒಣಮರದ ಮೇಲೋ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದು ನೀರುಕಾಗೆ. ಬಾತನ್ನು ಗುರುತಿಸಲು ಕೊಕ್ಕನ್ನು ನೋಡಬೇಕು. ಅದು ಚಪ್ಪಟೆಯಾಗಿ, ಅಗಲವಾಗಿ ಇರುತ್ತದೆ, ಅದರ ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲುಗಳಂಥ ಸಣ್ಣ ಪದರಗಳಿರುತ್ತವೆ. ಬಾಯಿತುಂಬ ನೀರು ಎಳೆದುಕೊಂಡು, ಆ ಪದರಗಳ ಸಂದಿನಿಂದ ನೀರನ್ನು ಹೊರಹಾಕಿ, ಉಳಿದ ಬೀಜ, ಹುಳು, ಪಾಚಿಯ ಚೂರುಗಳನ್ನು ನುಂಗುವುದು ಬಾತಿನ ಕ್ರಮ.

ಬೆಂಗಳೂರಿನಲ್ಲಿ ವರ್ಷವಿಡೀ ಇರುವ ಕಾಡು ಬಾತುಗಳು ಯಾವುವು?

ಮುಖ್ಯವಾಗಿ ಚುಕ್ಕೆ ಕೊಕ್ಕಿನ ಬಾತು. ಕಪ್ಪು ಕೊಕ್ಕು, ಅದರ ತುದಿಯಲ್ಲಿ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ ಇರುವ ಈ ಹಕ್ಕಿಯನ್ನು ಒಮ್ಮೆ ಸರಿಯಾಗಿ ನೋಡಿದವರು ಮತ್ತೆ ತಪ್ಪಾಗಿ ಗುರುತಿಸುವುದಿಲ್ಲ. ಜೋಡಿಯಾಗಿ ಅಥವಾ ಸಣ್ಣ ಗುಂಪಿನಲ್ಲಿ ಇರುತ್ತದೆ, ಕೆರೆಯಂಚಿನ ಹುಲ್ಲು ಜೊಂಡುಗಳ ಮರೆಯಲ್ಲಿ ನೆಲದ ಮೇಲೆಯೇ ಗೂಡು ಮಾಡುತ್ತದೆ, ಮಳೆ ಬಂದು ನೀರು ನಿಂತ ಕಾಲವನ್ನು ಅನುಸರಿಸಿ ಮೊಟ್ಟೆಯಿಡುತ್ತದೆ. ಎರಡನೆಯದು ಶಿಳ್ಳೆ ಬಾತು. ಕಂದು ಮೈಯ, ಉದ್ದ ಕಾಲಿನ ಈ ಹಕ್ಕಿ ಹಾರುವಾಗ ಶಿಳ್ಳೆ ಹೊಡೆದಂತೆ ಕೂಗುತ್ತದೆ, ಮರದ ಕೊಂಬೆಯ ಮೇಲೆ ಕೂರುತ್ತದೆ, ಮರದ ಪೊಟರೆಯಲ್ಲೂ ಗೂಡು ಮಾಡುತ್ತದೆ. ಇದರಲ್ಲಿ ಗಂಡು ಹೆಣ್ಣುಗಳಿಗೆ ರೂಪಭೇದವಿಲ್ಲ, ಮರಿಗಳನ್ನು ಎರಡೂ ಸೇರಿ ನೋಡಿಕೊಳ್ಳುತ್ತವೆ. ಇದು ಬಹುಪಾಲು ರಾತ್ರಿ ಮೇಯುವ ಹಕ್ಕಿಯಾದ್ದರಿಂದ, ಹಗಲಿನಲ್ಲಿ ದಡದಲ್ಲಿ ಸುಮ್ಮನೆ ಕೂತಿರುವುದನ್ನು ಕಂಡು ಕಾಯಿಲೆಯೆಂದು ಭಾವಿಸಬೇಕಾಗಿಲ್ಲ.

ಮೂರನೆಯದು ಕಾಟನ್ ಪಿಗ್ಮಿ ಗೂಸ್. ಹೆಸರು ಹೆಬ್ಬಾತಿನದಾದರೂ ಇದು ಜಗತ್ತಿನ ಅತಿ ಸಣ್ಣ ಬಾತುಗಳಲ್ಲಿ ಒಂದು. ತಾವರೆ, ನೈದಿಲೆ ಹಬ್ಬಿದ ನೀರು ಮತ್ತು ಪೊಟರೆಯಿರುವ ಹಳೆಯ ಮರ ಎರಡೂ ಹತ್ತಿರದಲ್ಲಿ ಇರುವ ಕಡೆ ಇದು ಉಳಿದುಕೊಳ್ಳುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳು ಬೇಗನೆ ಪೊಟರೆಯಿಂದ ಕೆಳಕ್ಕೆ ಧುಮುಕಿ ತಾಯಿಯ ಹಿಂದೆ ನೀರಿಗೆ ನಡೆದುಬಿಡುತ್ತವೆ. ಆದ್ದರಿಂದ ಕೆರೆಯಂಚಿನ ಮುದಿ ಮರವನ್ನು "ಒಣಗಿದೆ" ಎಂದು ಕಡಿಯುವ ಮುನ್ನ ಒಮ್ಮೆ ತಲೆಯೆತ್ತಿ ನೋಡುವುದು ಒಳ್ಳೆಯದು.

ಚಳಿಗಾಲದಲ್ಲಿ ಬರುವ ಬಾತುಗಳು ಎಲ್ಲಿಂದ ಬರುತ್ತವೆ?

ಮಧ್ಯ ಏಷ್ಯಾ ಮತ್ತು ಸೈಬೀರಿಯಾದ ಕಡೆಯಿಂದ. ಅಲ್ಲಿಯ ನೀರು ಹೆಪ್ಪುಗಟ್ಟತೊಡಗಿದಾಗ ಅವು ದಕ್ಷಿಣಕ್ಕೆ ಹೊರಡುತ್ತವೆ; ನಮ್ಮ ಕಡೆ ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ಕಾಣುತ್ತವೆ. ನೀಳ ಕತ್ತಿನ ಸೂಜಿಬಾಲದ ಬಾತು, ಕಣ್ಣ ಮೇಲೆ ಬಿಳಿ ಪಟ್ಟೆಯಿರುವ ಗಾರ್ಗೆನಿ, ಸಲಿಕೆಯಂಥ ಕೊಕ್ಕಿನ ಷವೆಲರ್ ಇವು ಈ ಸೀಮೆಯ ಅತಿಥಿಗಳಲ್ಲಿ ಮುಖ್ಯವಾದವು. ಇವುಗಳ ಗಂಡುಗಳು ಸಂತಾನೋತ್ಪತ್ತಿಯ ಕಾಲ ಮುಗಿದೊಡನೆ ಬಣ್ಣದ ಗರಿಗಳನ್ನು ಉದುರಿಸಿ ಹೆಣ್ಣಿನ ಹಾಗೆ ಮಂಕಾಗುತ್ತವೆ. ಚಳಿಗಾಲದ ಆರಂಭದಲ್ಲಿ ಬಂದ ಗುಂಪಿನಲ್ಲಿ ಹೆಣ್ಣುಗಳೇ ತುಂಬಿರುವಂತೆ ತೋರುವುದಕ್ಕೆ ಇದೂ ಒಂದು ಕಾರಣ. ರೆಕ್ಕೆಯ ಗರಿಗಳನ್ನು ಬಾತುಗಳು ಒಟ್ಟಿಗೇ ಉದುರಿಸುತ್ತವೆ, ಹೊಸ ಗರಿ ಬರುವ ಮೂರು ನಾಲ್ಕು ವಾರ ಹಾರಲಾರವು. ಇಲ್ಲಿಯೇ ನೆಲೆಸಿರುವ ಬಾತುಗಳಿಗೂ ಈ ನಿಯಮ ಅನ್ವಯಿಸುವುದರಿಂದ, ಬೀದಿನಾಯಿಗಳು ದಡದ ತುಂಬ ತಿರುಗುವ ಕೆರೆಯಲ್ಲಿ ಆ ವಾರಗಳು ಅವುಗಳ ಪಾಲಿಗೆ ಅಪಾಯದವು.

ಹಿಮಾಲಯವನ್ನು 7,000 ಮೀಟರಿಗೂ ಮೇಲಿನ ಎತ್ತರದಲ್ಲಿ ದಾಟಬಲ್ಲ ಪಟ್ಟೆತಲೆಯ ಹೆಬ್ಬಾತನ್ನು ನೋಡಬೇಕೆನ್ನುವವರು ಬೆಂಗಳೂರಿನಲ್ಲಿ ಕಾಯದೆ ಗದಗ ಜಿಲ್ಲೆಯ ಮಾಗಡಿ ಕೆರೆಗೋ ಮೈಸೂರಿನ ಕಡೆಯ ಹದಿನಾರು ಕೆರೆಗೋ ಹೋಗುವುದು ಲೇಸು. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಗದಗದ ಮಾಗಡಿ ಬೇರೆ, ನಮ್ಮ ಪಕ್ಕದ ಮಾಗಡಿ ಬೇರೆ ಎಂಬುದನ್ನು ಹೊರಡುವ ಮುನ್ನ ನೆನಪಿಟ್ಟುಕೊಳ್ಳಬೇಕು.

ನಮ್ಮ ಬಡಾವಣೆಯ ಕೆರೆ ಅಭಿವೃದ್ಧಿಯಾಯಿತು, ನೀರೂ ತುಂಬಿತು. ಆದರೂ ಬಾತುಗಳು ಮೊದಲಿಗಿಂತ ಕಡಿಮೆಯಾದದ್ದು ಏಕೆ?

ಇದು ಬಹಳ ಮಂದಿ ಕೇಳುವ ಪ್ರಶ್ನೆ, ಬಹಳ ಮಂದಿಗೆ ಹಿತವೆನಿಸದ ಉತ್ತರ. ಬೆಂಗಳೂರಿನ ಕೆರೆಗಳು ಪ್ರಕೃತಿಯ ಸರೋವರಗಳಲ್ಲ. ಕಣಿವೆಗೆ ಅಡ್ಡಲಾಗಿ ಏರಿ ಹಾಕಿ, ತೂಬು ಕೋಡಿಗಳನ್ನಿಟ್ಟು ಬೇಸಾಯಕ್ಕೆಂದು ಕಟ್ಟಿಸಿದವು. ಹಾಗೆ ಕಟ್ಟಿದ ಕೆರೆಯಲ್ಲಿ ಏರಿಯ ಬಳಿ ಮಾತ್ರ ಆಳವಿರುತ್ತದೆ. ಅದಕ್ಕೆದುರಾಗಿ, ನೀರು ಒಳಬರುವ ಕಡೆ, ಇಳಿಜಾರು ನಿಧಾನವಾಗಿ ಏರುತ್ತ ಹೋಗಿ ಕೆರೆಯಂಗಳವಾಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು, ಚಳಿಗಾಲ ಕಳೆಯುವ ಹೊತ್ತಿಗೆ ಕೆಸರು, ಬೇಸಿಗೆಯಲ್ಲಿ ಹುಲ್ಲು. ಮೇಲೆ ಹೇಳಿದ ಬಾತುಗಳಲ್ಲಿ ಹೆಚ್ಚಿನವು ಮುಳುಗಿ ಮೇಯುವವಲ್ಲ; ನೀರಿನ ಮೇಲ್ಮೈಯಲ್ಲಿ ಸೋಸುತ್ತವೆ, ಇಲ್ಲವೇ ಬಾಲ ಮೇಲೆ ಮಾಡಿ ತಲೆಕೆಳಗಾಗಿ ಕತ್ತು ಚಾಚಿ ತಳವನ್ನು ಕೆದಕುತ್ತವೆ. ಅವುಗಳ ಕತ್ತು ಎಟುಕುವಷ್ಟೇ ಅವುಗಳ ಊಟ. ಒಂದೂವರೆ ಅಡಿಗಿಂತ ಆಳವಾದ ನೀರು ಅವುಗಳಿಗೆ ತೇಲಲು ಮತ್ತು ಅಪಾಯದಿಂದ ದೂರವಿರಲು ಉಪಯೋಗವಾದೀತೇ ಹೊರತು ಹೊಟ್ಟೆ ತುಂಬಿಸದು.

ಅಭಿವೃದ್ಧಿಯ ಹೆಸರಿನಲ್ಲಿ ಹೂಳೆತ್ತುವಾಗ ಹಲವು ಕಡೆ ಇಡೀ ಕೆರೆಯನ್ನು ಒಂದೇ ಆಳಕ್ಕೆ ಅಗೆದು, ಸುತ್ತಲೂ ಏರಿಯನ್ನು ಕಟ್ಟಿ, ಅದರ ಮೇಲೆ ನಡಿಗೆ ಪಥ ಮಾಡಲಾಗುತ್ತದೆ. ಆಗ ಕೆರೆಯಂಗಳವೇ ಇಲ್ಲವಾಗುತ್ತದೆ. ನೀರು ಹೆಚ್ಚಾದದ್ದು ನಿಜ, ಬಾತಿಗೆ ಬೇಕಾದ ನೀರು ಕಡಿಮೆಯಾದದ್ದೂ ಅಷ್ಟೇ ನಿಜ. ಇದರ ಜೊತೆಗೆ ರಾತ್ರಿಯ ದೀಪಗಳು, ದೋಣಿವಿಹಾರ, ಮೀನುಗಾರಿಕೆಯ ಬಲೆಗಳು, ಗೂಡು ಕಟ್ಟಲು ಬೇಕಾದ ಜೊಂಡನ್ನು ಕಸವೆಂದು ಕಿತ್ತುಹಾಕುವ ಶುಚಿತ್ವದ ಉತ್ಸಾಹ ಇವೆಲ್ಲ ಸೇರಿಕೊಳ್ಳುತ್ತವೆ. ಕೊಳಚೆ ನೀರಿನ ವಿಷಯ ಮಾತ್ರ ಸ್ವಲ್ಪ ಸಂಕೀರ್ಣವಾದದ್ದು. ಗೊಬ್ಬರದಂತೆ ವರ್ತಿಸುವ ಅಲ್ಪಸ್ವಲ್ಪ ಕೊಳಚೆಯಿಂದ ಹುಳುಹುಪ್ಪಟೆ ಹೆಚ್ಚಿ ಷವೆಲರ್‌ನಂಥ ಹಕ್ಕಿಗಳು ಕೆಲಕಾಲ ಹೆಚ್ಚಾಗಿಯೇ ಕಾಣಬಹುದು. ಆದರೆ ಅಂತರಗಂಗೆಯಂಥ ಕಳೆ ಇಡೀ ನೀರನ್ನು ಮುಚ್ಚಿದಾಗ ಆಮ್ಲಜನಕ ಕುಸಿದು ಎಲ್ಲವೂ ಹಾಳಾಗುತ್ತದೆ.

ಹಾಗಾದರೆ ಮಾಡಬಹುದಾದದ್ದೇನು? ನೀರು ಒಳಬರುವ ಕಡೆಯ ಇಳಿಜಾರನ್ನು ಅಗೆಯದೆ ಬಿಡುವುದು, ದಡದ ಒಂದು ಭಾಗಕ್ಕೆ ನಡಿಗೆ ಪಥವನ್ನು ಒಯ್ಯದಿರುವುದು, ಜೊಂಡನ್ನು ಒಂದೇ ಸಲ ಪೂರ್ತಿ ತೆಗೆಯದೆ ಪಟ್ಟಿಪಟ್ಟಿಯಾಗಿ ತೆಗೆಯುವುದು. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗು ಪ್ರದೇಶವೊಂದನ್ನು ಹಾದು ಕೆರೆಗೆ ಸೇರುವ ವ್ಯವಸ್ಥೆಯಿದೆ. ನೀರನ್ನು ಇನ್ನಷ್ಟು ತಿಳಿಯಾಗಿಸುವ ಆ ಜೌಗೇ ಹಕ್ಕಿಗಳಿಗೆ ಆಸರೆಯೂ ಆಗುತ್ತದೆ. ಕೆರೆ ಸಮಿತಿಗಳು ನಕ್ಷೆ ತಯಾರಾಗುವ ಹಂತದಲ್ಲಿಯೇ ಇದನ್ನು ಕೇಳಬೇಕು. ಗುತ್ತಿಗೆದಾರರ ಯಂತ್ರ ಕೆರೆಗಿಳಿದ ಮೇಲೆ ಕೇಳಿ ಫಲವಿಲ್ಲ.

ಸಾಕು ಬಾತುಗಳು ಇದೇ ಕಾಡು ಬಾತುಗಳಿಂದ ಬಂದವೇ?

ನಮ್ಮ ಚುಕ್ಕೆ ಕೊಕ್ಕಿನ ಬಾತಿನಿಂದಲ್ಲ, ಅದರ ಹತ್ತಿರದ ಸಂಬಂಧಿಯಾದ ಮಲಾರ್ಡ್ ಎಂಬ ಉತ್ತರದ ಬಾತಿನಿಂದ. ಬಿಳಿ ಪೆಕಿನ್, ಖಾಕಿ ಕ್ಯಾಂಪ್‌ಬೆಲ್, ಇಂಡಿಯನ್ ರನ್ನರ್, ಕೇರಳದ ಕುಟ್ಟನಾಡಿನ ಚಾರ ಮತ್ತು ಚೆಂಬಲ್ಲಿ, ಅಸ್ಸಾಮಿನ ಪಾತಿ, ಎಲ್ಲದರ ಮೂಲವೂ ಅದೇ. ಇಂಡಿಯನ್ ರನ್ನರ್ ಹೆಸರಿಗೆ ಮಾತ್ರ ಭಾರತದ್ದು, ಅದು ಬಂದದ್ದು ಆಗ್ನೇಯ ಏಷ್ಯಾದ ದ್ವೀಪಗಳಿಂದ.

ಇದಕ್ಕೆ ಒಂದೇ ಅಪವಾದ ಮಸ್ಕೊವಿ. ಕಣ್ಣಿನ ಸುತ್ತ ಕೆಂಪು ಗಂಟುಗಂಟಾದ ಚರ್ಮ ಇರುವ, ಕೂಗುವ ಬದಲು ಬುಸುಗುಟ್ಟುವ ಈ ಭಾರೀ ಹಕ್ಕಿಯನ್ನು ಕಂಡು ಮುಖಕ್ಕೆ ಹುಣ್ಣಾಗಿದೆಯೆಂದು ಗಾಬರಿಗೊಳ್ಳುವವರಿದ್ದಾರೆ. ಅದು ಕಾಯಿಲೆಯಲ್ಲ, ಆ ಜಾತಿಯ ಲಕ್ಷಣ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೂಲದ ಮಸ್ಕೊವಿಗೂ ಇತರ ಸಾಕು ಬಾತುಗಳಿಗೂ ಹುಟ್ಟಿದ ಮರಿಗಳು ಚೆನ್ನಾಗಿ ಮಾಂಸ ಕಟ್ಟಿಕೊಳ್ಳುತ್ತವೆ, ಆದರೆ ಹೇಸರಗತ್ತೆಯಂತೆ ಬಂಜೆಯಾಗಿರುತ್ತವೆ.

ಉದ್ಯಾನದ ಕೊಳದಲ್ಲಿರುವ ಬಿಳಿಯ, ಉದ್ದ ಕತ್ತಿನ ಹಕ್ಕಿಗಳು ಹಂಸಗಳೇ?

ಅಲ್ಲ, ಸಾಕು ಹೆಬ್ಬಾತುಗಳು. ಕೊಕ್ಕಿನ ಬುಡದಲ್ಲಿ ಗುಬುಟಿದ್ದರೆ ಚೀನಾ ಮೂಲದ ತಳಿಯೆಂದು ತಿಳಿಯಬಹುದು. ಅಪರಿಚಿತರನ್ನು ಕಂಡರೆ ಅಟ್ಟಿಸಿಕೊಂಡು ಬರುವುದರಿಂದ ಚಿಕ್ಕಮಕ್ಕಳನ್ನು ಹತ್ತಿರ ಬಿಡಬಾರದು.

ಗಂಡು ಹೆಣ್ಣುಗಳನ್ನು ಗುರುತಿಸುವುದು ಹೇಗೆ? ಎಷ್ಟು ಹೆಣ್ಣಿಗೆ ಒಂದು ಗಂಡು ಬೇಕು?

ಜೋರಾಗಿ "ಕ್ವಾಕ್ ಕ್ವಾಕ್" ಎನ್ನುವುದು ಹೆಣ್ಣು. ಗಂಡಿನ ಧ್ವನಿ ಗೊಗ್ಗರು, ಮೆಲು. ಅದರ ಧ್ವನಿಪೆಟ್ಟಿಗೆಯ ಬಳಿ ಎಲುಬಿನ ಒಂದು ಉಬ್ಬು ಇರುವುದರಿಂದ ಸ್ವರ ಹಾಗೆ ಮಾರ್ಪಡುತ್ತದೆ. ಬೆಳೆದ ಗಂಡಿನ ಬಾಲದ ಮೇಲೆ ಒಂದೆರಡು ಗರಿಗಳು ಮೇಲಕ್ಕೆ ಸುರುಳಿ ಸುತ್ತಿರುತ್ತವೆ. ಮಸ್ಕೊವಿಯಲ್ಲಿ ಈ ಸುರುಳಿಯಿಲ್ಲ. ಅಲ್ಲಿ ಗಾತ್ರವೇ ಸಾಕ್ಷಿ, ಗಂಡು ಹೆಣ್ಣಿಗಿಂತ ಬಹಳ ದೊಡ್ಡದು.

ಮರಿ ಮಾಡಿಸುವುದಾದರೆ ಆರೇಳು ಹೆಣ್ಣಿಗೆ ಒಂದು ಗಂಡು ಸಾಕು. ತಿನ್ನಲು ಮೊಟ್ಟೆ ಮಾತ್ರ ಬೇಕಾದರೆ ಗಂಡಿನ ಅಗತ್ಯವೇ ಇಲ್ಲ. ಗಂಡುಗಳು ಹೆಚ್ಚಾದ ಹಿಂಡಿನಲ್ಲಿ ಹೆಣ್ಣುಗಳ ಕತ್ತು ಬೆನ್ನುಗಳ ಗರಿ ಕಿತ್ತುಹೋಗಿ ಗಾಯಗಳಾಗುತ್ತವೆ, ಕೆಲವೊಮ್ಮೆ ಅವು ನೀರಿನಲ್ಲಿ ಅಮುಕಿಹೋಗಿ ಸಾಯುವುದೂ ಉಂಟು. ಸಂತೆಯಿಂದ ಮುದ್ದಾಗಿವೆಯೆಂದು ತಂದ ನಾಲ್ಕು ಮರಿಗಳಲ್ಲಿ ಮೂರು ಗಂಡಾಗಿಬಿಟ್ಟರೆ ಏನು ಮಾಡುವುದೆಂದು ತರುವ ಮುನ್ನವೇ ಯೋಚಿಸಬೇಕು.

ಬಾತು ಸಾಕಲು ಕೊಳ ಇರಲೇಬೇಕೇ?

ಇರಲೇಬೇಕೆಂದಿಲ್ಲ. ಈಜುವ ನೀರಿಲ್ಲದೆಯೂ ಬಾತು ಬೆಳೆಯುತ್ತದೆ, ಮೊಟ್ಟೆಯಿಡುತ್ತದೆ. ಆದರೆ ಕೊಕ್ಕು, ಮೂಗಿನ ಹೊಳ್ಳೆ, ಕಣ್ಣುಗಳನ್ನು ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳದ ನೀರು ಯಾವಾಗಲೂ ಇರಬೇಕು; ಐದಾರು ಅಂಗುಲ ಆಳದ, ಮೈಯೆಲ್ಲ ಒಳಗೆ ಹೋಗದಷ್ಟು ಕಿರಿದಾದ ತೊಟ್ಟಿ ಇದಕ್ಕೆ ತಕ್ಕದ್ದು. ತಲೆ ಅದ್ದಲು ನೀರಿಲ್ಲದ ಬಾತಿನ ಕಣ್ಣಿನಲ್ಲಿ ಕೀವು ಕಟ್ಟಿ ರೆಪ್ಪೆ ಅಂಟಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳುವುದಾದರೆ, ನಿಯಮದ ಪ್ರಕಾರ ಕೊಳ ಬೇಡವಾದರೂ, ಈಜಲು ಹುಟ್ಟಿದ ಹಕ್ಕಿಗೆ ವಾರಕ್ಕೆ ಕೆಲವು ಸಲವಾದರೂ ಒಂದು ತೊಟ್ಟಿ ನೀರು ಕೊಡಲಾಗದವರು ಕೋಳಿ ಸಾಕುವುದೇ ಒಳ್ಳೆಯದು.

ಬೆಂಗಳೂರಿನಲ್ಲಿ ನಿಜವಾದ ಅಡ್ಡಿ ನೀರು ಕೊಡುವುದಲ್ಲ, ಚೆಲ್ಲಿದ ನೀರನ್ನು ನಿಭಾಯಿಸುವುದು. ಬಾತಿನ ಹಿಕ್ಕೆ ಕೋಳಿಯದಕ್ಕಿಂತ ನೀರಾಗಿರುತ್ತದೆ, ಕುಡಿಯುವಾಗ ಅದು ಸುತ್ತಲೂ ಚೆಲ್ಲುತ್ತದೆ, ಎರಡು ದಿನದಲ್ಲಿ ನೆಲ ಕೆಸರಾಗಿ ಪಕ್ಕದ ಮನೆಯವರಿಗೆ ವಾಸನೆ ಹೋಗುತ್ತದೆ. ತೊಟ್ಟಿಯನ್ನು ಜಾಲರಿಯ ಮೇಲಿಟ್ಟು, ಕೆಳಗೆ ಬಿದ್ದ ನೀರು ಬಾಳೆಗಿಡದ ಪಾತಿಗೆ ಹರಿಯುವಂತೆ ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ. ರಾತ್ರಿಯ ಗೂಡಿನಲ್ಲಿ ಬೆಳೆದ ಬಾತೊಂದಕ್ಕೆ ಮೂರು ನಾಲ್ಕು ಚದರಡಿ ಜಾಗ, ಒಣ ಹಾಸು, ಗಾಳಿಯಾಡುವ ಆದರೆ ಮುಂಗುಸಿ, ಬೆಕ್ಕು, ನಾಯಿ ನುಸುಳದ ಜಾಲರಿ ಬೇಕು. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಕಟ್ಟಿದ ಮನೆಗೆ ಬಾತು ಹೊಂದುವುದಿಲ್ಲವೆಂದು ನೇರವಾಗಿ ಹೇಳುವುದೇ ಸರಿ.

ಯಾವ ತಳಿ ಒಳ್ಳೆಯದು?

ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ರೂಪಿಸಿದ ಈ ತಳಿ ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಡಬಲ್ಲದು. ಮಾಂಸಕ್ಕೆ ಬಿಳಿ ಪೆಕಿನ್. ಆರೇಳು ವಾರಗಳಲ್ಲಿ ಎರಡು ಕಿಲೋ ದಾಟುತ್ತದೆ. ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆ ಬಾತು ತಳಿಗಳ ವಿಷಯದಲ್ಲಿ ಹಳೆಯ ಅನುಭವವುಳ್ಳದ್ದು. ಮರಿಗಳು ಯಾವಾಗ ದೊರೆಯುತ್ತವೆ, ತರಬೇತಿ ಯಾವಾಗ ಎಂಬುದನ್ನು ಅಲ್ಲಿಯೇ ವಿಚಾರಿಸಬೇಕು. ರಸ್ತೆಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಮರಿಗಳ ತಳಿಯೂ ವಯಸ್ಸೂ ಲಸಿಕೆಯೂ ತಿಳಿಯದಾದ್ದರಿಂದ ಅವುಗಳನ್ನು ಕೊಳ್ಳಬಾರದು.

ಮರಿಗಳನ್ನು ತಂದ ಮೇಲೆ ನೀರಿಗೆ ಬಿಡಬಹುದೇ?

ತಕ್ಷಣ ಬಿಡಬಾರದು. ಬಾತಿನ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯಿದೆ. ಅದರ ಜಿಡ್ಡನ್ನು ಕೊಕ್ಕಿನಿಂದ ಗರಿಗಳಿಗೆ ಸವರಿಕೊಂಡು, ಗರಿಯ ಎಳೆಗಳನ್ನು ಒಪ್ಪವಾಗಿ ಹೆಣೆದುಕೊಂಡಿರುವುದರಿಂದ ದೊಡ್ಡ ಬಾತು ನೆನೆಯುವುದಿಲ್ಲ. ತಾಯಿಯಿಲ್ಲದೆ ಯಂತ್ರದಲ್ಲಿ ಹುಟ್ಟಿದ ಮರಿಯ ತುಪ್ಪಳಕ್ಕೆ ಆ ರಕ್ಷಣೆ ಸಾಲದು, ಒದ್ದೆಯಾಗಿ ಚಳಿಗೆ ಸಾಯುತ್ತದೆ. ಮೊದಲ ವಾರ 30ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಡಿಸೆಂಬರ್ ಜನವರಿಯ ನಮ್ಮ ರಾತ್ರಿಗಳಲ್ಲಿ ಉಷ್ಣಾಂಶ 15 ಡಿಗ್ರಿಗೆ ಇಳಿಯುವುದರಿಂದ ಆಗ ತಂದ ಮರಿಗಳಿಗೆ ನಾಲ್ಕು ವಾರದವರೆಗೂ ದೀಪದ ಶಾಖ ಬೇಕಾದೀತು. ಮರಿಗಳು ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡರೆ ಶಾಖ ಸಾಲದು, ಅಂಚಿಗೆ ಸರಿದು ಬಾಯ್ತೆರೆದರೆ ಹೆಚ್ಚಾಯಿತು.

ಏನು ತಿನ್ನಿಸಬೇಕು? ಕೋಳಿಯ ಆಹಾರವನ್ನೇ ಹಾಕಿದರೆ ಆಗದೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ, ಆದರೆ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಮೊದಲನೆಯದು ನಯಾಸಿನ್ ಎಂಬ ಬಿ ಜೀವಸತ್ವ. ಬಾತಿನ ಮರಿಗೆ ಇದು ಕೋಳಿಮರಿಗಿಂತ ಬಹಳ ಹೆಚ್ಚು ಬೇಕು. ಕಿಲೋ ಆಹಾರಕ್ಕೆ ಸುಮಾರು 55 ಮಿಲಿಗ್ರಾಂ ಇರಬೇಕೆಂಬುದು ಸಾಮಾನ್ಯ ಪ್ರಮಾಣ. ಕಡಿಮೆಯಾದರೆ ಮರಿಯ ಕಾಲುಗಳು ಬಿಲ್ಲಿನಂತೆ ಬಾಗಿ ಅದು ನಡೆಯಲಾರದೆ ಕೂರುತ್ತದೆ. "ಕಾಲು ಬಿದ್ದುಹೋಯಿತು" ಎಂದು ಜನ ಹೇಳುವ ಎಷ್ಟೋ ಪ್ರಸಂಗಗಳ ಹಿಂದೆ ಇರುವುದು ಈ ಕೊರತೆ. ಆಹಾರಕ್ಕೆ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯಲ್ಲಿ ಬಳಸುವ ಯೀಸ್ಟ್) ಬೆರೆಸುವುದು ಸುಲಭದ ಪರಿಹಾರ. ಬೇಗ ಗುರುತಿಸಿದರೆ ಮರಿ ಚೇತರಿಸಿಕೊಳ್ಳುತ್ತದೆ.

ಎರಡನೆಯದು ಅಫ್ಲಾಟಾಕ್ಸಿನ್, ಅಂದರೆ ಬೂಷ್ಟು ಉಂಟುಮಾಡುವ ವಿಷ. ಸಾಕು ಹಕ್ಕಿಗಳಲ್ಲಿ ಬಾತಿನಷ್ಟು ಸುಲಭವಾಗಿ ಈ ವಿಷಕ್ಕೆ ಬಲಿಯಾಗುವ ಹಕ್ಕಿ ಮತ್ತೊಂದಿಲ್ಲವೆನ್ನಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳೂ ಅವುಗಳ ಜೊತೆ ಬಾತಿನ ಮರಿಗಳೂ ಸತ್ತಾಗ ಕಾರಣವಾಗಿ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅಫ್ಲಾಟಾಕ್ಸಿನ್ ಪತ್ತೆಯಾದದ್ದೇ ಆ ತನಿಖೆಯಿಂದ. ನಮ್ಮ ಕಡೆ ಅಗ್ಗದ ಪ್ರೋಟೀನ್ ಎಂದರೆ ಮೊದಲು ನೆನಪಾಗುವುದು ಅದೇ ಕಡಲೆಕಾಯಿ ಹಿಂಡಿ, ಶಕ್ತಿಗೆ ಮುಸುಕಿನ ಜೋಳ. ಎರಡೂ ಮಳೆಗಾಲದಲ್ಲಿ ಗೋದಾಮಿನಲ್ಲಿ ಬೂಷ್ಟು ಹಿಡಿಯುವಂಥವು. ಬಾತಿನ ಆಹಾರದಲ್ಲಿ ಈ ವಿಷ ಕಿಲೋಗೆ 0.03 ಮಿಲಿಗ್ರಾಂ ದಾಟಬಾರದು. ಇಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಬಿಸಿಲಿಗೆ ಹರಡಿದರೂ ಬೇಯಿಸಿದರೂ ಹೋಗದು. ಆದ್ದರಿಂದ ಕಡಲೆಕಾಯಿ ಹಿಂಡಿಯ ಬದಲು ಸೋಯಾ ಹಿಂಡಿ ಬಳಸುವುದು, ಜೋಳಕ್ಕೆ ಬದಲಾಗಿ ಸಾಧ್ಯವಾದಷ್ಟು ನುಚ್ಚಕ್ಕಿ ಬಳಸುವುದು, ತಿಂಗಳಿಗೆ ಬೇಕಾದಷ್ಟನ್ನೇ ತರುವುದು ಜಾಣತನ.

ಇನ್ನುಳಿದಂತೆ, ಮರಿಗಳಿಗೆ ಶೇಕಡಾ 20ರಿಂದ 22 ಪ್ರೋಟೀನ್, ಬೆಳೆಯುವ ಹಂತದಲ್ಲಿ 16, ಮೊಟ್ಟೆಯಿಡುವಾಗ 18, ಜೊತೆಗೆ ಕಪ್ಪೆಚಿಪ್ಪಿನ ಪುಡಿ. ಒಣಪುಡಿಯ ಆಹಾರ ಕೊಕ್ಕಿಗೆ ಮೆತ್ತಿಕೊಳ್ಳುವುದರಿಂದ ಗುಳಿಗೆಯ ರೂಪದ್ದು ಒಳ್ಳೆಯದು, ಇಲ್ಲವೇ ಪುಡಿಯನ್ನು ನೀರಿನಲ್ಲಿ ಕಲಸಿ ಕೊಟ್ಟು ಉಳಿದದ್ದನ್ನು ಅಂದೇ ತೆಗೆದುಹಾಕಬೇಕು. ನೀರಿಲ್ಲದ ಹೊತ್ತಿನಲ್ಲಿ ಆಹಾರ ಇಡಬಾರದು. ಹೋಟೆಲಿನ ಮಿಕ್ಕ ಊಟದಲ್ಲಿ ಉಪ್ಪು ಹೆಚ್ಚಿರುವುದರಿಂದ ಮರಿಗಳಿಗೆ ಅದು ವಿಷವೇ ಸರಿ.

ಮೊಟ್ಟೆ ಯಾವಾಗ ಆರಂಭವಾಗುತ್ತದೆ? ಕಾವಿಗೆ ಎಷ್ಟು ದಿನ?

ಖಾಕಿ ಕ್ಯಾಂಪ್‌ಬೆಲ್ ಸುಮಾರು ನಾಲ್ಕು ತಿಂಗಳಿಗೆ ಆರಂಭಿಸುತ್ತದೆ. ಹೆಚ್ಚುಕಡಿಮೆ ಎಲ್ಲ ಮೊಟ್ಟೆಗಳೂ ಬೆಳಿಗ್ಗೆ ಒಂಬತ್ತರೊಳಗೆ ಬರುವುದರಿಂದ, ಅಲ್ಲಿಯವರೆಗೆ ಗೂಡಿನಿಂದ ಹೊರಗೆ ಬಿಡದಿದ್ದರೆ ಹುಲ್ಲಿನಲ್ಲಿ, ಕೆಸರಿನಲ್ಲಿ ಹುಡುಕುವ ಕೆಲಸ ತಪ್ಪುತ್ತದೆ. ಕಾವಿನ ಅವಧಿ 28 ದಿನ, ಮಸ್ಕೊವಿಗೆ ಸುಮಾರು 35. ಖಾಕಿ ಕ್ಯಾಂಪ್‌ಬೆಲ್‌ಗೆ ಕಾವಿಗೆ ಕೂರುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ನಾಟಿ ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸುವ ಹಳೆಯ ಪದ್ಧತಿ ಈಗಲೂ ನಡೆಯುತ್ತದೆ; ಆದರೆ ಕೋಳಿಗೆ ಅಭ್ಯಾಸವಾದ 21 ದಿನಕ್ಕಿಂತ ಒಂದು ವಾರ ಹೆಚ್ಚು ಕೂರಿಸಬೇಕು. ಬಾತು ಈಜಿ ಬಂದು ಒದ್ದೆ ಮೈಯಲ್ಲಿ ಕೂರುವುದರಿಂದ ಸಿಗುತ್ತಿದ್ದ ತೇವವನ್ನು ಕೊನೆಯ ದಿನಗಳಲ್ಲಿ ನೀರು ಚಿಮುಕಿಸಿ ಒದಗಿಸಬೇಕು. ಬಾತಿನ ಮೊಟ್ಟೆಯನ್ನು ಅರೆಬೇಯಿಸಿ ತಿನ್ನಬಾರದು. ಒದ್ದೆ ಹಾಸಿನಲ್ಲಿ ಬಿದ್ದ ಮೊಟ್ಟೆಗೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸೇರುವ ಸಂಭವವಿದೆ.

ಗದ್ದೆಗೆ ಅಥವಾ ಮೀನಿನ ಹೊಂಡಕ್ಕೆ ಬಾತು ಬಿಡುವುದು ಲಾಭವೇ?

ಎರಡೂ ಪ್ರಯೋಗಕ್ಕೆ ನಿಂತ ಪದ್ಧತಿಗಳು. ಜಪಾನಿನ ಫುಕುಓಕಾದ ರೈತ ತಕಾವೊ ಫುರುನೊ 1988ರಿಂದ ಭತ್ತದ ಗದ್ದೆಯಲ್ಲಿ ಬಾತಿನ ಮರಿಗಳನ್ನು ಬಿಟ್ಟು ಕಳೆ, ಕೀಟ, ಗೊಬ್ಬರ ಮೂರನ್ನೂ ನಿಭಾಯಿಸುವ ಕ್ರಮವನ್ನು ಬೆಳೆಸಿದರು. ಪೈರು ಬೇರೂರಿದ ಮೇಲೆ ಬಿಡಬೇಕು, ತೆನೆ ಬರುವ ಮೊದಲು ಹೊರಗೆ ತೆಗೆಯಬೇಕು, ನಡುವೆ ಕೀಟನಾಶಕ ಸಿಂಪಡಿಸಲೇಬಾರದು. ದಕ್ಷಿಣ ಭಾರತದ ಭತ್ತದ ಸೀಮೆಗಳಲ್ಲಿ ಕೊಯ್ಲಿನ ನಂತರ ದೊಡ್ಡ ಹಿಂಡುಗಳನ್ನು ಗದ್ದೆಯಿಂದ ಗದ್ದೆಗೆ ಮೇಯಿಸಿಕೊಂಡು ಹೋಗುವ ಅಲೆಮಾರಿ ಸಾಕಣೆ ಇನ್ನೊಂದು ಬಗೆಯದು. ಮೀನಿನ ಹೊಂಡಕ್ಕೆ ಹೆಕ್ಟೇರಿಗೆ 200ರಿಂದ 300 ಬಾತುಗಳು ಸಾಕು. ಅದಕ್ಕೂ ಹೆಚ್ಚಾದರೆ ಹಿಕ್ಕೆಯ ಗೊಬ್ಬರವೇ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಇದು ಸ್ವಂತ ಹೊಂಡದ ಮಾತು, ಊರ ಕೆರೆಯದಲ್ಲ.

ಯಾವ ರೋಗಗಳ ಬಗ್ಗೆ ಎಚ್ಚರವಾಗಿರಬೇಕು?

ಸಾಕಣೆಯಲ್ಲಿ ಮುಖ್ಯವಾದವು ಬಾತಿನ ಪ್ಲೇಗ್ ಮತ್ತು ಕಾಲರಾ. ಪ್ಲೇಗ್ ವೈರಾಣುವಿನದು, ಹರಡಿದರೆ ಹಿಂಡಿಗೆ ಹಿಂಡೇ ಹೋಗುತ್ತದೆ, ಕಾಲರಾ ಬ್ಯಾಕ್ಟೀರಿಯಾದ್ದು. ಎರಡಕ್ಕೂ ಲಸಿಕೆಗಳಿವೆ, ವೇಳಾಪಟ್ಟಿಯನ್ನು ಪಶುವೈದ್ಯರಿಂದ ಪಡೆಯಬೇಕು.

ಹಕ್ಕಿಜ್ವರದ ಮಾತು ಬೇರೆ. ಭಾರತದಲ್ಲಿ ಇದು ಮೊದಲು ಕಾಣಿಸಿದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. ಬೆಂಗಳೂರಿಗೆ 2012ರ ಅಕ್ಟೋಬರಿನಲ್ಲಿ ಬಂತು, ಹೆಸರಘಟ್ಟದ ಕೇಂದ್ರದ ಟರ್ಕಿ ಕೋಳಿಗಳಲ್ಲಿ ದೃಢಪಟ್ಟು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಕೋಳಿಯನ್ನು ದಿನದೊಳಗೆ ಕೊಲ್ಲುವ ವೈರಾಣುವನ್ನು ಬಾತು ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ ಹೊತ್ತು, ಹಿಕ್ಕೆಯ ಮೂಲಕ ನೀರಿಗೆ ಸೇರಿಸುತ್ತದೆ. ಆದ್ದರಿಂದ ಬಾತು ಮತ್ತು ಕೋಳಿಗಳನ್ನು ಒಂದೇ ಗೂಡಿನಲ್ಲಿ ಸಾಕಬಾರದು, ಕಾಡು ಹಕ್ಕಿಗಳಿಳಿಯುವ ನೀರಿಗೆ ಸಾಕು ಬಾತುಗಳನ್ನು ಬಿಡಬಾರದು, ಕೆರೆಗೆ ಹೋಗಿ ಬಂದ ಕಾಲಿನ ಚಪ್ಪಲಿಯಲ್ಲಿ ಗೂಡಿಗೆ ಹೋಗಬಾರದು. ಒಟ್ಟೊಟ್ಟಿಗೆ ಹಕ್ಕಿಗಳು ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಸಮೀಪದ ಪಶು ಆಸ್ಪತ್ರೆಗೋ ಪಶುವೈದ್ಯ ಸಹಾಯವಾಣಿ 1962ಕ್ಕೋ ತಿಳಿಸಬೇಕು. ರೋಗ ದೃಢಪಟ್ಟರೆ ಸುತ್ತ ಒಂದು ಕಿಲೋಮೀಟರ್ ದೂರದೊಳಗಿನ ಸಾಕು ಹಕ್ಕಿಗಳನ್ನು ಕೊಲ್ಲುವುದು ಸರ್ಕಾರದ ಕ್ರಮವಾದ್ದರಿಂದ ಮುಚ್ಚಿಡುವ ಆಸೆ ಹುಟ್ಟುವುದು ಸಹಜ. ಮುಚ್ಚಿಟ್ಟರೆ ಆಗುವ ನಷ್ಟ ಅಕ್ಕಪಕ್ಕದ ಎಲ್ಲರದು.

ಕೆರೆಯಲ್ಲಿ ಹೆಚ್ಚು ಭಯಪಡಬೇಕಾದದ್ದು ಬೊಟುಲಿಸಂಗೆ. ಬಿಸಿಲು ಏರಿ, ನೀರು ಇಳಿದು, ತಳದ ಕೆಸರಿನಲ್ಲಿ ಆಮ್ಲಜನಕ ಇಲ್ಲವಾದಾಗ ಒಂದು ಬಗೆಯ ಬ್ಯಾಕ್ಟೀರಿಯಾ ನರಗಳನ್ನು ಸೋಲಿಸುವ ವಿಷವನ್ನು ತಯಾರಿಸುತ್ತದೆ. ಹಕ್ಕಿಯ ಕಾಲು, ರೆಕ್ಕೆ, ಕೊನೆಗೆ ಕತ್ತು ಸೋತು, ತಲೆ ಎತ್ತಲಾಗದೆ ನೀರಿನಲ್ಲಿ ಮುಳುಗಿ ಸಾಯುತ್ತದೆ. ಆ ಹೆಣದಲ್ಲಿ ಹುಟ್ಟಿದ ಹುಳುಗಳಲ್ಲಿ ವಿಷ ಸೇರಿರುತ್ತದೆ. ಅವನ್ನು ತಿಂದ ಬಾತು ಸಾಯುತ್ತದೆ, ಅದರಲ್ಲಿ ಮತ್ತೆ ಹುಳು. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತದ್ದು ಹೀಗೆ. 2016ರ ಮಾರ್ಚ್‌ನಲ್ಲಿ ಅಲಸೂರು ಕೆರೆಯಲ್ಲಿ ಆದಂತೆ ಮೀನುಗಳು ರಾಶಿಯಾಗಿ ಸತ್ತಾಗ, ಅವನ್ನು ಬೇಗ ತೆಗೆಸಬೇಕೆಂದು ಒತ್ತಾಯಿಸುವುದು ವಾಸನೆಯ ಕಾರಣಕ್ಕಷ್ಟೇ ಅಲ್ಲ.

ಕೆರೆಯ ಬಾತುಗಳಿಗೆ ಬ್ರೆಡ್ಡು, ಕಡಲೆಪುರಿ ಹಾಕಬಹುದೇ?

ಬೇಡ. ಹೊಟ್ಟೆ ತುಂಬಿದರೂ ಪೋಷಣೆಯಿಲ್ಲ, ಉಳಿದದ್ದು ಕೊಳೆತು ನೀರು ಕೆಡುತ್ತದೆ, ಇಲಿಗಳೂ ನಾಯಿಗಳೂ ದಡಕ್ಕೆ ಬರುತ್ತವೆ. ಕಾಡು ಬಾತಿಗೆ ನಮ್ಮ ಭಯವಿರುವುದೇ ಅದರ ಕ್ಷೇಮ.

ಕಾಡು ಬಾತಿನ ಮೊಟ್ಟೆಯೋ ಮರಿಯೋ ಸಿಕ್ಕಿದರೆ ತಂದು ಸಾಕಬಹುದೇ?

ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡು ಬಾತುಗಳನ್ನು ಹಿಡಿಯುವುದು, ಕೊಲ್ಲುವುದು ಮಾತ್ರವಲ್ಲ, ಮೊಟ್ಟೆ ಗೂಡುಗಳನ್ನು ಕದಡುವುದೂ ಬೇಟೆಯ ಅರ್ಥದಲ್ಲಿಯೇ ಬರುವ ಅಪರಾಧ. ಒಂಟಿಯಾಗಿ ಕಂಡ ಮರಿ ಎಷ್ಟೋ ಸಲ ತಬ್ಬಲಿಯಲ್ಲ. ತಾಯಿ ನಮ್ಮನ್ನು ಕಂಡು ಜೊಂಡಿನೊಳಗೆ ಸರಿದಿರುತ್ತದೆ. ದೂರ ನಿಂತು ಒಂದೆರಡು ಗಂಟೆ ಕಾಯಬೇಕು. ಮರಿಗಳ ಸಾಲು ರಸ್ತೆ ದಾಟುತ್ತಿದ್ದರೆ ವಾಹನ ತಡೆದರೆ ಸಾಕು, ಹಿಡಿದು ಚೀಲಕ್ಕೆ ಹಾಕಬೇಕಿಲ್ಲ. ಗಾಯಗೊಂಡಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು, ನೀರನ್ನು ಬಾಯಿಗೆ ಬಲವಂತವಾಗಿ ಹುಯ್ಯದೆ, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಬೇಕು.

ಸಾಕಿದ ಬಾತುಗಳನ್ನು ಇನ್ನು ನೋಡಿಕೊಳ್ಳಲಾಗದು. ಹತ್ತಿರದ ಕೆರೆಗೆ ಬಿಟ್ಟರೆ ತಪ್ಪೇನು?

ಮೂರು ತಪ್ಪುಗಳಿವೆ. ಪೆಕಿನ್‌ನಂಥ ಭಾರದ ತಳಿಗಳು ಹಾರಲಾರವು, ಬಣ್ಣ ಬಿಳಿ, ಮನುಷ್ಯರಿಗೂ ನಾಯಿಗೂ ಹೆದರುವುದಿಲ್ಲ. ಹೆಚ್ಚಿನವು ಕೆಲವೇ ವಾರಗಳಲ್ಲಿ ನಾಯಿಯ ಬಾಯಿಗೆ ಬೀಳುತ್ತವೆ. ಉಳಿದವು ತಮ್ಮ ರೋಗಗಳನ್ನು ಕಾಡು ಹಕ್ಕಿಗಳಿಗೆ ದಾಟಿಸುತ್ತವೆ, ಅವುಗಳದನ್ನು ತಾವು ಪಡೆಯುತ್ತವೆ. ಮೂರನೆಯದು ತಡವಾಗಿ ಕಾಣುವಂಥದ್ದು: ಮಲಾರ್ಡ್ ಮೂಲದ ಸಾಕು ಬಾತುಗಳು ತಮ್ಮ ಹತ್ತಿರದ ಕಾಡು ಸಂಬಂಧಿಗಳೊಡನೆ ಕೂಡಿ, ಬಂಜೆಯಲ್ಲದ ಬೆರಕೆ ಮರಿಗಳನ್ನು ಹುಟ್ಟಿಸಬಲ್ಲವು. ನ್ಯೂಜಿಲೆಂಡಿನಲ್ಲಿ ಹೊರಗಿನಿಂದ ತಂದು ಬಿಟ್ಟ ಮಲಾರ್ಡ್‌ಗಳು ಅಲ್ಲಿಯ ಬೂದು ಬಾತಿನೊಡನೆ ಬೆರೆತು ಶುದ್ಧ ಬೂದು ಬಾತುಗಳೇ ಅಪರೂಪವಾಗಿವೆ. ನಮ್ಮ ಚುಕ್ಕೆ ಕೊಕ್ಕಿನ ಬಾತು ಅದೇ ಬಳಗದ್ದು.

ಬಿಡುವ ಬದಲು, ಜಾಗ ಮತ್ತು ನೀರು ಎರಡೂ ಇರುವ ಸಾಕಣೆದಾರರಿಗೆ ಕೊಡಬೇಕು. ಒಂಟಿ ಬಾತು ಸೊರಗುವುದರಿಂದ ಜೋಡಿಯನ್ನು ಅಗಲಿಸದೆ ಕೊಡುವುದು ಒಳ್ಳೆಯದು. ಲಸಿಕೆ ಹಾಕಿಸಿದ ದಿನಾಂಕವನ್ನೂ ಈವರೆಗೆ ತಿನ್ನಿಸುತ್ತಿದ್ದ ಆಹಾರ ಯಾವುದೆಂಬುದನ್ನೂ ಬರೆದುಕೊಡಬೇಕು, ಹೊಸ ಜಾಗದಲ್ಲಿ ಎರಡು ಮೂರು ವಾರ ಅಲ್ಲಿಯ ಹಿಂಡಿನಿಂದ ಬೇರೆಯಾಗಿಡಲು ಹೇಳಬೇಕು. ಈಗಾಗಲೇ ಯಾರೋ ಕೆರೆಗೆ ಬಿಟ್ಟುಹೋದ ಸಾಕು ಬಾತುಗಳು ಕಂಡರೆ ಕೆರೆಯ ಉಸ್ತುವಾರಿಯವರಿಗೆ ತಿಳಿಸಿ, ಅವು ಮೊಟ್ಟೆಯಿಡುವ ಮುನ್ನವೇ ಹಿಡಿಸಿ ಸಾಗಿಸುವಂತೆ ಕೇಳಬೇಕು.